ಅಮೆರಿಕದ ಸಂಪ್ರದಾಯಶೀಲ ರಾಜ್ಯಗಳ ಕಾಲೇಜುಗಳಲ್ಲಿ ಪ್ರತಿಭಟಿಸಿದ ವಿದ್ಯಾರ್ಥಿಗಳಿಗೆ ಏನಾಯಿತು?

ಧಾರವಾಡದ ಅಧ್ಯಾಪಕ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಾನು ಪದವಿ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತೇನೆ. ಅಮೆರಿಕದ ವಿದ್ಯಾರ್ಥಿ ಚಳವಳಿ ಎಂದೊಡನೆ ನಾವು 1964ರ ಬರ್ಕ್‌ಲಿ, 1968ರ ಕೊಲಂಬಿಯಾ ವಿಶ್ವವಿದ್ಯಾಲಯಗಳ ಪ್ರತಿಭಟನೆಗಳನ್ನು ಹೇಳಿ ಪಾಠ ಮುಗಿಸಿಬಿಡುತ್ತೇವೆ. ಆದರೆ ಸರ್ಕಾರ, ಪೊಲೀಸರು, ಆಡಳಿತ ಮಂಡಳಿ, ಕಡೆಗೆ ಊರಿನ ಬಹುಪಾಲು ಜನರೂ ಎದುರಾಗಿ ನಿಂತಿದ್ದ ಅಲಬಾಮಾ, ದಕ್ಷಿಣ ಕ್ಯಾರೊಲಿನಾಗಳಂಥ ಕಡೆ ವಿದ್ಯಾರ್ಥಿಗಳು ಬೀದಿಗಿಳಿದಾಗ ಏನಾಯಿತು, ಅದರಿಂದ ಉಳಿದುಬಂದದ್ದು ಏನಾದರೂ ಇದೆಯೇ ಎಂಬುದು ನನ್ನ ಪ್ರಶ್ನೆ. ಕೇಳಲು ಮನೆಯ ಕಾರಣವೂ ಒಂದಿದೆ. ಅಣ್ಣನ ಮಗಳು ಆಗಸ್ಟ್‌ನಲ್ಲಿ ಟೆಕ್ಸಾಸ್‌ಗೆ ಎಂ.ಎಸ್. ಓದಲು ಹೊರಟಿದ್ದಾಳೆ. ಇಲ್ಲಿ ಶುಲ್ಕ ಏರಿಸಿದಾಗ ಕಾಲೇಜಿನ ಗೇಟಿನೆದುರು ಧರಣಿ ಕೂತವಳು. ಅಲ್ಲಿ ಹೋಗಿ ಸುಮ್ಮನಿರುತ್ತಾಳೆ ಎಂದು ನನಗೇನೂ ಅನ್ನಿಸುವುದಿಲ್ಲ.

ಶಿವಮೊಗ್ಗದ ವಕೀಲೆ:

ಉಳಿದುಬಂದದ್ದು ಇದೆ ಸರ್, ಅದೂ ನೀವು ಹೆಸರಿಸಿದ ಅಲಬಾಮಾದಿಂದಲೇ. 1960ರ ಫೆಬ್ರವರಿ 25ರಂದು ಕಪ್ಪು ಜನರಿಗೆಂದೇ ಇದ್ದ ಅಲಬಾಮಾ ಸ್ಟೇಟ್ ಕಾಲೇಜಿನ ಸುಮಾರು 30 ವಿದ್ಯಾರ್ಥಿಗಳು ಮಾಂಟ್ಗೊಮರಿಯ ನ್ಯಾಯಾಲಯ ಕಟ್ಟಡದಲ್ಲಿ ಬಿಳಿಯರಿಗಷ್ಟೇ ಬಡಿಸುತ್ತಿದ್ದ ಕ್ಯಾಂಟೀನಿಗೆ ಹೋಗಿ ತಮಗೂ ಊಟ ಬಡಿಸಿ ಎಂದು ಕೇಳಿದರು. ಬಡಿಸಲಿಲ್ಲ. ರಾಜ್ಯದ ಗವರ್ನರ್ ಜಾನ್ ಪ್ಯಾಟರ್ಸನ್ ಅವರೇ ಶಿಕ್ಷಣ ಮಂಡಳಿಯ ಅಧ್ಯಕ್ಷರೂ ಆಗಿದ್ದರು. ಅವರ ಒತ್ತಡದ ಮೇರೆಗೆ 9 ವಿದ್ಯಾರ್ಥಿಗಳನ್ನು ಕಾಲೇಜಿನಿಂದ ಹೊರಹಾಕಲಾಯಿತು. ಕಾರಣ ಕೇಳಿ ನೋಟಿಸ್ ಕೊಡಲಿಲ್ಲ, ವಿಚಾರಣೆ ನಡೆಸಲಿಲ್ಲ, ಯಾವ ತಪ್ಪಿಗೆ ಈ ಶಿಕ್ಷೆ ಎಂದು ಸ್ಪಷ್ಟವಾಗಿ ಹೇಳಲೂ ಇಲ್ಲ.

ಆ ಕಾಲಕ್ಕೆ ಇದು ಯಾರಿಗೂ ವಿಚಿತ್ರವಾಗಿ ತೋರಲಿಲ್ಲ. ಕಾಲೇಜು ಎಂದರೆ ತಂದೆತಾಯಿಯ ಸ್ಥಾನದಲ್ಲಿರುವುದು, ಮನೆಯ ಹಿರಿಯರು ಮಕ್ಕಳನ್ನು ದಂಡಿಸುವಾಗ ವಿಚಾರಣೆ ನಡೆಸುತ್ತಾರೆಯೇ ಎಂಬುದೇ ನ್ಯಾಯಾಲಯಗಳ ಧೋರಣೆಯಾಗಿತ್ತು. (ನಮ್ಮ ಪ್ರಾಂಶುಪಾಲರಲ್ಲಿ ಕೆಲವರು ಇಂದಿಗೂ ಇದೇ ಮಾತು ಆಡುತ್ತಾರೆ ಎಂಬುದು ಬೇರೆ ವಿಷಯ.) ವಿದ್ಯಾರ್ಥಿಗಳು ಮೊಕದ್ದಮೆ ಹೂಡಿದರು, ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಟ್ಟುಕೊಡದೆ ಬಂಧನಕ್ಕೊಳಗಾದ ರೋಸಾ ಪಾರ್ಕ್ಸ್ ಅವರ ವಕೀಲರಾಗಿದ್ದ ಫ್ರೆಡ್ ಗ್ರೇ ಅವರೇ ಇವರ ಪರವಾಗಿಯೂ ನಿಂತರು. ಕೆಳಗಿನ ನ್ಯಾಯಾಲಯದಲ್ಲಿ ಸೋತ ಪ್ರಕರಣವನ್ನು 1961ರ ಆಗಸ್ಟ್‌ನಲ್ಲಿ ಐದನೇ ಸರ್ಕಿಟ್ ಎಂಬ, ದಕ್ಷಿಣದ ಕೆಲವು ರಾಜ್ಯಗಳ ಫೆಡರಲ್ ಮೇಲ್ಮನವಿ ನ್ಯಾಯಾಲಯ ತಿರುಗಿಸಿತು: ಸರ್ಕಾರದ ಹಣದಿಂದ ನಡೆಯುವ ಕಾಲೇಜು ಅಶಿಸ್ತಿನ ಆರೋಪದ ಮೇಲೆ ವಿದ್ಯಾರ್ಥಿಯನ್ನು ಹೊರಹಾಕುವ ಮುನ್ನ ನೋಟಿಸ್ ಕೊಡಬೇಕು, ಅವನ ಮಾತು ಕೇಳಬೇಕು. ಇಂದು ಕ್ಯಾಲಿಫೋರ್ನಿಯಾದ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಶಿಸ್ತುಕ್ರಮ ಎದುರಿಸುವ ವಿದ್ಯಾರ್ಥಿಗೆ ಸಿಗುವ ರಕ್ಷಣೆಯ ಬೇರು ಈ ತೀರ್ಪಿನಲ್ಲಿದೆ. ಉದಾರವಾದಿ ಊರುಗಳು ಅನುಭವಿಸುತ್ತಿರುವ ಹಕ್ಕನ್ನು ಗಳಿಸಿಕೊಟ್ಟವರು ಸಂಪ್ರದಾಯಶೀಲ ಊರಿನ ವಿದ್ಯಾರ್ಥಿಗಳು ಎಂಬುದನ್ನು ತಾವು ತರಗತಿಯಲ್ಲಿ ಖಂಡಿತ ಹೇಳಬೇಕು.

ದಕ್ಷಿಣ ಕ್ಯಾರೊಲಿನಾದ್ದೂ ಇಂಥದೇ ಕತೆ. 1961ರ ಮಾರ್ಚ್‌ನಲ್ಲಿ ಕೊಲಂಬಿಯಾ ನಗರದ ಶಾಸನಭವನದ ಮುಂದೆ ವರ್ಣಭೇದದ ವಿರುದ್ಧ ಮೆರವಣಿಗೆ ಮಾಡಿ ಶಾಂತಿಭಂಗದ ಆರೋಪದಲ್ಲಿ ಶಿಕ್ಷೆಗೊಳಗಾದ 187 ಕಪ್ಪು ವಿದ್ಯಾರ್ಥಿಗಳ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ 1963ರಲ್ಲಿ ರದ್ದುಮಾಡಿತು.

ಮೈಸೂರಿನ ಹಳೆಯ ಓದುಗ:

ವಕೀಲರು ಗೆದ್ದವರ ಕತೆಯನ್ನು ಹೇಳಿದ್ದಾರೆ. ಅದೊಂದನ್ನೇ ತರಗತಿಗೆ ಕೊಂಡೊಯ್ದರೆ ಮಕ್ಕಳಿಗೆ ಅರ್ಧ ಇತಿಹಾಸವಷ್ಟೇ ಸಿಕ್ಕೀತು. ಅದೇ ದಕ್ಷಿಣ ಕ್ಯಾರೊಲಿನಾದ ಆರೆಂಜ್‌ಬರ್ಗ್‌ನಲ್ಲಿ ಬಿಳಿಯರಿಗೆ ಮಾತ್ರ ಪ್ರವೇಶವಿದ್ದ ಬೌಲಿಂಗ್ ಆಟದ ಮನೆಯ ವಿರುದ್ಧ ಎದ್ದ ಪ್ರತಿಭಟನೆ 1968ರ ಫೆಬ್ರವರಿ 8ರ ರಾತ್ರಿ ಹೆದ್ದಾರಿ ಪೊಲೀಸರ ಗುಂಡಿಗೆ ಮೂವರು ಯುವಕರ ಬಲಿಯಲ್ಲಿ ಕೊನೆಗೊಂಡಿತು. ಅವರಲ್ಲೊಬ್ಬ ಇನ್ನೂ ಹೈಸ್ಕೂಲು ಹುಡುಗ. ವಿಚಾರಣೆ ಎದುರಿಸಿದ 9 ಪೊಲೀಸರೂ ಖುಲಾಸೆಯಾದರು. ಜೈಲಿಗೆ ಹೋದದ್ದು ಅಂದು ತಾನೇ ಗಾಯಗೊಂಡಿದ್ದ ಚಳವಳಿಗಾರ ಕ್ಲೀವ್‌ಲ್ಯಾಂಡ್ ಸೆಲ್ಲರ್ಸ್. ಅವರಿಗೆ ಕ್ಷಮಾದಾನ ಸಿಕ್ಕಿದ್ದು 1993ರಲ್ಲಿ. ಎರಡು ವರ್ಷಗಳ ತರುವಾಯ ಓಹಾಯೋದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಸೈನಿಕರ ಗುಂಡಿಗೆ ನಾಲ್ವರು ವಿದ್ಯಾರ್ಥಿಗಳು ಸತ್ತದ್ದು ಇಡೀ ಜಗತ್ತಿಗೆ ಗೊತ್ತು. ಅದಾದ ಹನ್ನೊಂದು ದಿನಕ್ಕೆ ಮಿಸ್ಸಿಸಿಪ್ಪಿಯ ಜ್ಯಾಕ್ಸನ್ ಸ್ಟೇಟ್ ಕಾಲೇಜಿನಲ್ಲಿ ಪೊಲೀಸರ ಗುಂಡಿಗೆ ಇಬ್ಬರು ಕಪ್ಪು ಯುವಕರು ಸತ್ತದ್ದು ಎಷ್ಟು ಜನರಿಗೆ ಗೊತ್ತು? ಸಂಪ್ರದಾಯಶೀಲ ಪ್ರದೇಶದ ಕಪ್ಪು ವಿದ್ಯಾರ್ಥಿಯ ಸಾವು ಸುದ್ದಿಯಾಗಿ ಬಹಳ ದೂರ ಹೋಗಲಿಲ್ಲ.

ಇನ್ನೊಂದು ಮಾತು. ವಿದ್ಯಾರ್ಥಿಗಳು ಸೇರಿದ ಕಡೆಯೆಲ್ಲ ಅವರು ಬದಲಾವಣೆಯ ಪರವಾಗಿಯೇ ಸೇರಿದ್ದರು ಎಂದು ತಿಳಿಯಬಾರದು. 1962ರ ಸೆಪ್ಟೆಂಬರ್ 30ರ ರಾತ್ರಿ ಮಿಸ್ಸಿಸಿಪ್ಪಿ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಮೆರೆಡಿತ್ ಎಂಬ ಒಬ್ಬ ಕಪ್ಪು ವಿದ್ಯಾರ್ಥಿಯ ಪ್ರವೇಶವನ್ನು ತಡೆಯಲು ನಡೆದ ಗಲಭೆಯಲ್ಲಿ ಅಲ್ಲಿನ ಬಿಳಿಯ ವಿದ್ಯಾರ್ಥಿಗಳೂ ಇದ್ದರು. ಇಬ್ಬರು ಸತ್ತರು, ಅಧ್ಯಕ್ಷ ಕೆನಡಿ ಸೈನ್ಯ ಕಳುಹಿಸಬೇಕಾಯಿತು.

ಆಸ್ಟಿನ್‌ನಲ್ಲಿರುವ ಹಾಸನದವನು:

ಸರ್, ತಮ್ಮ ಅಣ್ಣನ ಮಗಳ ವಿಷಯಕ್ಕೆ ಬರುತ್ತೇನೆ. ಕಾಲೇಜಿನ ಬಯಲು ಜಾಗಗಳಲ್ಲಿ ಯಾರು ಬೇಕಾದರೂ ಅಭಿಪ್ರಾಯ ಹೇಳಬಹುದು ಎಂಬ ಕಾನೂನನ್ನು 2019ರಲ್ಲಿ ತಂದದ್ದು ಟೆಕ್ಸಾಸ್‌ನ ರಿಪಬ್ಲಿಕನ್ ಸರ್ಕಾರವೇ. ತಮ್ಮ ಪಕ್ಷದ ಭಾಷಣಕಾರರಿಗೆ ಕ್ಯಾಂಪಸ್‌ಗಳಲ್ಲಿ ಅಡ್ಡಿಯಾಗುತ್ತಿದೆ ಎಂಬ ದೂರು ಅದರ ಹಿಂದಿತ್ತು. 2024ರ ಏಪ್ರಿಲ್ 24ರಂದು ಗಾಜಾ ಯುದ್ಧದ ವಿರುದ್ಧ ವಿದ್ಯಾರ್ಥಿಗಳು ಇಲ್ಲಿನ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಸೇರಿದಾಗ ರಾಜ್ಯ ಪೊಲೀಸರು ಕುದುರೆಗಳ ಮೇಲೆ ಬಂದರು, 57 ಮಂದಿಯ ಬಂಧನವಾಯಿತು. ಬಂಧಿಸಲು ತಕ್ಕ ಆಧಾರವಿಲ್ಲವೆಂದು ಆ ಪ್ರಕರಣಗಳು ಕೆಲವೇ ದಿನಗಳಲ್ಲಿ ಬಿದ್ದುಹೋದವು. 2025ರಲ್ಲಿ ಅದೇ ಶಾಸನಸಭೆ ರಾತ್ರಿ 10ರಿಂದ ಬೆಳಿಗ್ಗೆ 8ರವರೆಗೆ ಕ್ಯಾಂಪಸ್‌ನಲ್ಲಿ ಅಭಿಪ್ರಾಯ ಪ್ರದರ್ಶನವನ್ನೇ ನಿಷೇಧಿಸುವ ಕಾನೂನು ಮಾಡಿತು. ಅದರ ಮುಖ್ಯ ಭಾಗಗಳ ಜಾರಿಯನ್ನು ಅಕ್ಟೋಬರ್‌ನಲ್ಲಿ ಫೆಡರಲ್ ನ್ಯಾಯಾಧೀಶರು ತಾತ್ಕಾಲಿಕವಾಗಿ ತಡೆದರು.

ಆದರೆ ಇವೆಲ್ಲ ಅಮೆರಿಕದ ಪ್ರಜೆಗಳಾದ ವಿದ್ಯಾರ್ಥಿಗಳ ಪಾಡು. ಅವರಿಗೆ ಪ್ರಕರಣ ಬಿದ್ದುಹೋದರೆ ಮುಗಿಯಿತು. ವಿದೇಶಿ ವಿದ್ಯಾರ್ಥಿಗಳಿಗೆ ಕೊಡುವ ಎಫ್-1 ವೀಸಾದವರಿಗೆ ಬಂಧನವೇ, ಶಿಕ್ಷೆಯಾಗದಿದ್ದರೂ, ವೀಸಾ ರದ್ದತಿಗೆ ಸಾಕಾಗಬಹುದು. 2025ರ ವಸಂತದಲ್ಲಿ ಅಮೆರಿಕ ಸರ್ಕಾರ ಸಾವಿರಾರು ವಿದೇಶಿ ವಿದ್ಯಾರ್ಥಿಗಳ ವಾಸ್ತವ್ಯದ ದಾಖಲೆಗಳನ್ನು ಏಕಾಏಕಿ ಅಳಿಸಿತ್ತು; ಎಷ್ಟೋ ಜನ ಕೋರ್ಟಿಗೆ ಹೋದ ಮೇಲೆ ಅವು ಮರಳಿದವು. ಆ ಒಂದು ತಿಂಗಳು ನಮ್ಮ ಮನೆಯಲ್ಲಿ ಬಾಡಿಗೆಗಿದ್ದ ತೆಲುಗು ಹುಡುಗ ರಾತ್ರಿ ನಿದ್ದೆ ಮಾಡಿದ್ದನ್ನು ನಾನು ನೋಡಲಿಲ್ಲ. ಅವನು ಯಾವ ಮೆರವಣಿಗೆಗೂ ಹೋದವನಲ್ಲ.

ಧಾರವಾಡದ ಅಧ್ಯಾಪಕ:

ಮೂವರಿಗೂ ಕೃತಜ್ಞತೆಗಳು. ಒಂದು ಅನುಮಾನ ಉಳಿಯಿತು: ಅವಳಿಗೆ ಸೀಟು ಸಿಕ್ಕಿರುವುದು ಖಾಸಗಿ ವಿಶ್ವವಿದ್ಯಾಲಯದಲ್ಲಿ. ಅಲಬಾಮಾದ ತೀರ್ಪು ಅಲ್ಲಿಗೂ ಅನ್ವಯಿಸುತ್ತದೆಯೇ?

ಶಿವಮೊಗ್ಗದ ವಕೀಲೆ:

ನೇರವಾಗಿ ಅನ್ವಯಿಸುವುದಿಲ್ಲ ಸರ್. ಸಂವಿಧಾನದ ಈ ಹಕ್ಕುಗಳು ಸರ್ಕಾರವನ್ನು ಕಟ್ಟಿಹಾಕುತ್ತವೆ, ಖಾಸಗಿ ಸಂಸ್ಥೆಯನ್ನಲ್ಲ. ಅಲ್ಲಿ ಅವಳ ಕೈಯಲ್ಲಿರುವುದು ಸಂಸ್ಥೆ ತಾನೇ ಬರೆದುಕೊಟ್ಟಿರುವ ನಿಯಮಗಳು ಮಾತ್ರ. ವಿದ್ಯಾರ್ಥಿ ಕೈಪಿಡಿಯಲ್ಲಿ ಸಭೆ, ಮೆರವಣಿಗೆ ಮತ್ತು ಶಿಸ್ತುಕ್ರಮದ ಅಧ್ಯಾಯಗಳನ್ನು ವಿಮಾನ ಹತ್ತುವ ಮುಂಚೆಯೇ ಅವಳು ಒಮ್ಮೆ ಓದಿಕೊಳ್ಳಲಿ. ಬಿಡುವಿದ್ದರೆ ನನಗೂ ಕಳುಹಿಸಿ, ನೋಡಿ ಹೇಳುತ್ತೇನೆ.