ರಜೆಯ ಮನೆ: ಪುಕೆಟ್ಟೋ, ಕೊ ಸಮುಯಿಯೋ?

ಪ್ರಶ್ನೆ: ಬೆಂಗಳೂರಿನಿಂದ ಹೋಗಿಬರಲು ಥಾಯ್ಲೆಂಡ್ ಕಡಲತೀರದಲ್ಲಿ ವಿಲ್ಲಾ ನೋಡ್ತಿದ್ದೇವೆ. ಮಕ್ಕಳಿಗೆ ರಜೆ ಏಪ್ರಿಲ್ ಮತ್ತು ದಸರಾ. ಯಾವ ಊರು ಸೂಕ್ತ?

ಉತ್ತರ 1: ಏಪ್ರಿಲ್‌ಗೆ ಎರಡೂ ಸೈ. ದಸರಾಕ್ಕೆ ಎರಡೂ ಕಷ್ಟ. ಪುಕೆಟ್ ಪಶ್ಚಿಮ ತೀರದಲ್ಲಿ ಮೇನಿಂದ ಅಕ್ಟೋಬರ್‌ವರೆಗೆ ಮುಂಗಾರು, ನೀರಿನ ಸೆಳೆತ ಜೋರು, ಮಕ್ಕಳನ್ನು ಇಳಿಸಲೇಬೇಡಿ. ಸಮುಯಿಗೆ ಅಕ್ಟೋಬರ್‌ನಿಂದ ಡಿಸೆಂಬರ್ ಮಳೆ.

ಉತ್ತರ 2: ಸರ್, ವಿಲ್ಲಾ ಬಿಡಿ, ವಿದೇಶಿಯರ ಹೆಸರಿಗೆ ಅಲ್ಲಿ ಜಮೀನು ಆಗಲ್ಲ. ಕಾಂಡೊ (ಅಪಾರ್ಟ್‌ಮೆಂಟ್ ಫ್ಲಾಟ್) ಆಗುತ್ತೆ, ಕಟ್ಟಡದ ಫ್ಲಾಟ್‌ಗಳ ಒಟ್ಟು ವಿಸ್ತೀರ್ಣದಲ್ಲಿ 49% ಮಾತ್ರ ವಿದೇಶಿಯರಿಗೆ. ಆ ಕೋಟಾ ಉಳಿದಿದೆ ಅನ್ನೋ ಪತ್ರ ನೋಡದೆ ಅಡ್ವಾನ್ಸ್ ಕೊಡಬೇಡಿ. ಹಣ ವಿದೇಶಿ ಕರೆನ್ಸಿಯಲ್ಲೇ ಹೋಗಬೇಕು. ಅದಕ್ಕೆ ಅಲ್ಲಿನ ಬ್ಯಾಂಕಿನ ಪತ್ರ ಇಲ್ಲದಿದ್ದರೆ ನೋಂದಣಿ ನಿಲ್ಲುತ್ತೆ.

ಉತ್ತರ 3: ಇಲ್ಲಿಂದ ಒಬ್ಬರು ಆರ್ಥಿಕ ವರ್ಷಕ್ಕೆ 2,50,000 ಡಾಲರ್ ಕಳಿಸಬಹುದು. 10 ಲಕ್ಷ ರೂಪಾಯಿ ಮೀರಿದ್ದಕ್ಕೆ 20% ಟಿಸಿಎಸ್ (ಹಣ ಕಳಿಸುವಾಗಲೇ ಬ್ಯಾಂಕ್ ವಸೂಲಿ ಮಾಡುವ ತೆರಿಗೆ). ಆದಾಯ ತೆರಿಗೆ ರಿಟರ್ನ್‌ನಲ್ಲಿ ಶೆಡ್ಯೂಲ್ ಎಫ್‌ಎ (ವಿದೇಶಿ ಆಸ್ತಿಯ ವಿವರ) ತುಂಬಲೇಬೇಕು.