ಸಹಾಯ ಬೇಕು: ಹಲಸಿನ ಹಪ್ಪಳದ ಜಿಎಸ್‌ಟಿಗೆ ಮುಂಗಡ ತೀರ್ಪು ಕೇಳಬಹುದೇ?

ಎಲ್ಲರಿಗೂ ನಮಸ್ಕಾರ. ಉಡುಪಿಯ ಹತ್ತಿರ ನಮ್ಮದೊಂದು ಸಣ್ಣ ಹಪ್ಪಳದ ಘಟಕವಿದೆ. ಬಲಿತ ಹಲಸಿನ ಸೊಳೆಯನ್ನು ಬೇಯಿಸಿ, ಉಪ್ಪು, ಮೆಣಸು, ಕೊತ್ತಂಬರಿ ಸೇರಿಸಿ ಅರೆದು, ತಟ್ಟಿ, ಚಾಪೆಯ ಮೇಲೆ ಒಣಗಿಸುತ್ತೇವೆ, ಹಿಟ್ಟು ಬೆರೆಸುವುದಿಲ್ಲ. ಯಾವ ಹೆಸರಿನಿಂದ ಕರೆದರೂ ಹಪ್ಪಳಕ್ಕೆ ತೆರಿಗೆ ವಿನಾಯಿತಿ ಇರುವುದರಿಂದ ನಮ್ಮದಕ್ಕೂ ಅದು ಸಲ್ಲಬೇಕೆಂಬುದು ನನ್ನ ದೃಢ ಅಭಿಪ್ರಾಯ, ಆದರೆ ಮಂಗಳೂರಿನ ಸಗಟು ಖರೀದಿದಾರರು ಹಿಟ್ಟಿಲ್ಲದ್ದು ಹಪ್ಪಳವೇ ಅಲ್ಲ ಎನ್ನುತ್ತಾರೆ. ಲೆಕ್ಕಪರಿಶೋಧಕರನ್ನು ಕೇಳಿದೆ, ಸಹಾಯವಾಣಿಗೂ ಬರೆದೆ. ಖಚಿತ ಉತ್ತರ ಸಿಗಲಿಲ್ಲ.

ಆದ್ದರಿಂದ ಕೇಂದ್ರ ಮತ್ತು ರಾಜ್ಯ ಜಿಎಸ್‌ಟಿಯ ತಲಾ 5,000 ರೂಪಾಯಿ ಶುಲ್ಕ ಕಟ್ಟಿ, ಎಆರ್‌ಎ-01 ನಮೂನೆಯಲ್ಲಿ ಮುಂಗಡ ತೀರ್ಪು ಪ್ರಾಧಿಕಾರಕ್ಕೆ (ತೆರಿಗೆ ಅನ್ವಯಿಸುತ್ತದೆಯೇ ಎಂಬಂಥ ಪ್ರಶ್ನೆಗೆ ಮೊದಲೇ ಅಧಿಕೃತ ಉತ್ತರ ಕೊಡುವ ಸಂಸ್ಥೆ) ಅರ್ಜಿ ಹಾಕಲು ಹೊರಟಿದ್ದೇನೆ. ಅದೇ ಪ್ರಶ್ನೆ ಅರ್ಜಿದಾರರಿಗೆ ಸಂಬಂಧಿಸಿದ ಯಾವುದಾದರೂ ನಡವಳಿಯಲ್ಲಿ (ಕಾಯ್ದೆಯಡಿಯ ವಿಚಾರಣೆಯಂಥ ಕ್ರಮದಲ್ಲಿ) ಈಗಾಗಲೇ ಬಾಕಿಯಿದ್ದರೆ ಅರ್ಜಿ ಸ್ವೀಕರಿಸುವಂತಿಲ್ಲ ಎಂದು ಜಿಎಸ್‌ಟಿ ಕಾಯ್ದೆಯ ಕಲಂ 98(2) ಹೇಳುತ್ತದೆ. ನಮಗೆ ಇಲಾಖೆಯಿಂದ ಬಂದಿರುವುದು ಮಾರಾಟದ ವಿವರ ಕೇಳಿದ ಪತ್ರ ಮಾತ್ರ, ತೆರಿಗೆ ಏಕೆ ವಿಧಿಸಬಾರದೆಂದು ಕಾರಣ ಕೇಳುವ ಶೋಕಾಸ್ ನೋಟಿಸ್ ಅಲ್ಲ. ಆ ಪತ್ರವೂ ನಡವಳಿ ಎನಿಸುತ್ತದೆಯೇ ಎಂಬುದೇ ನನ್ನ ಗೊಂದಲ.

ಇಂಥ ಪತ್ರ ಬಂದ ಮೇಲೂ ಅರ್ಜಿ ಅಂಗೀಕಾರವಾದವರು ಇಲ್ಲಿದ್ದೀರಾ? ಮೊದಲು ಪತ್ರಕ್ಕೆ ಉತ್ತರ ಕೊಡಬೇಕೇ, ಅರ್ಜಿ ಹಾಕಬೇಕೇ?