ಸಸ್ಪೆನ್ಷನ್ ಅಂದರೆ ‘ಅಮಾನತು’ ಅಲ್ಲ, ಹಾಗಾದರೆ ಏನು?

ಗೆಳೆಯರೆ,

ಬಳ್ಳಾರಿಯ ಐಟಿಐ ಹುಡುಗರಿಗೆ ಒಂದು ಪಾಠ ಬರೆಯುತ್ತಿದ್ದೇನೆ. ಹಳೆ ಟ್ರಕ್ಕಿಗೆ ಈ ಕಾಲದ ಇಂಜಿನ್ ಮತ್ತು ಮುಂದಿನ ಸಸ್ಪೆನ್ಷನ್ (ಗಾಲಿಗೂ ಗಾಡಿಯ ಮೈಗೂ ನಡುವೆ ಕುಲುಕಾಟ ತಡೆಯುವ ಜೋಡಣೆ) ಕೂರಿಸುವುದು ಹೇಗೆ ಅಂತ. ಅಮೆರಿಕದಲ್ಲಿ ಈ ಹುಚ್ಚು ಜಾಸ್ತಿ. ಉದಾಹರಣೆಗೆ 1947ರಿಂದ 1955ರವರೆಗೆ ಬಂದ ಷೆವರ್ಲೆ 3100 ಪಿಕಪ್ ಹಿಡಿದುಕೊಂಡಿದ್ದೇನೆ. ಕೆಲಸ ಅರ್ಥವಾಗಿದೆ, ಪದಗಳೇ ಕೈಕೊಡುತ್ತಿವೆ.

ನೆಟ್ಟಿನಲ್ಲಿ ಹುಡುಕಿದರೆ ‘ಮುಂಭಾಗದ ಅಮಾನತು’ ಅಂತ ಸಿಗುತ್ತದೆ! ಲಂಚ ತಿಂದವನನ್ನು ಅಮಾನತು ಮಾಡಲಿ, ಗಾಡಿಯ ಮುಂದಿನ ಗಾಲಿ ಏನು ತಪ್ಪು ಮಾಡಿತ್ತು? ಸಸ್ಪೆಂಡ್ ಅಂದರೆ ತೂಗುಹಾಕು ಅಂತಲೂ ಇದೆ, ‘ತೂಗು’ ಅಂತ ಏನಾದರೂ ಕಟ್ಟೋಣ ಅಂದರೆ ಅದೂ ಕೂರುವುದಿಲ್ಲ. ಹಿಂದೆ ಕುದುರೆ ಸಾರೋಟಿನ ಮೈಯನ್ನು ತೊಗಲಿನ ಪಟ್ಟಿಗಳಿಂದ ತೂಗುಹಾಕುತ್ತಿದ್ದರು, ಇಂಗ್ಲಿಷಿನವರಿಗೆ ಆ ಮಾತು ಒಪ್ಪಿತು. ಲಾರಿಯಲ್ಲಿ ಭಾರವೆಲ್ಲ ಸ್ಪ್ರಿಂಗಿನ ಮೇಲೆ ಕೂತಿರುತ್ತದೆ, ತೂಗುವುದು ಎಲ್ಲಿ ಬಂತು?

ಗ್ಯಾರೇಜಿನವರಿಗೆ ಈ ಗೋಜಲೇ ಇಲ್ಲ. ‘ಕಮಾನು’ ಅಂದರೆ ಮುಗಿಯಿತು. ಬಿಲ್ಲು ಅನ್ನುವ ಪಾರಸಿ ಮಾತು ಅದು. ಪಟ್ಟಿ ಮೇಲೆ ಪಟ್ಟಿ ಇಟ್ಟು ಬಿಗಿದ, ಬಿಲ್ಲಿನಂತೆ ಬಾಗಿದ ಉಕ್ಕು. ಸಂಡೂರಿನ ಅದಿರು ಲಾರಿ ನೋಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹಳೆ ಷೆವರ್ಲೆಯಲ್ಲೂ ಮುಂದೆ ಇರುವುದು ಇದೇ, ಎರಡು ಕಮಾನು, ಅಡ್ಡಕ್ಕೆ ಒಂದೇ ಗಟ್ಟಿ ಅಚ್ಚು. ಎಡಗಾಲಿ ಗುಂಡಿಗೆ ಇಳಿದರೆ ಬಲಗಾಲಿಯೂ ಓರೆಯಾಗುತ್ತದೆ, ಎತ್ತಿನ ಬಂಡಿಯ ಹಾಗೆ.

ತೊಡಕು ಹೊಸದರಲ್ಲಿ. ಅಚ್ಚು, ಕಮಾನು ಎರಡನ್ನೂ ಬಿಚ್ಚಿ, ಚಾಸಿಗೆ ಹೊಸ ಅಡ್ಡತೊಲೆ ವೆಲ್ಡ್ ಮಾಡಿ, 1974ರಿಂದ 1978ರವರೆಗೆ ಬಂದ ಫೋರ್ಡ್ ಮಸ್ಟಾಂಗ್ 2 ಕಾರಿನ ಮಾದರಿಯದನ್ನು ಕೂರಿಸುತ್ತಾರೆ. ಪ್ರತಿ ಗಾಲಿಗೂ ಮೇಲೊಂದು ಕೆಳಗೊಂದು ಆರ್ಮ್ (ಗಾಲಿ ಹಿಡಿಯುವ ತೋಳು), ನಡುವೆ ಸುರುಳಿ ಸ್ಪ್ರಿಂಗ್. ಒಂದು ಗಾಲಿ ಎದ್ದು ಬಿದ್ದರೂ ಇನ್ನೊಂದಕ್ಕೆ ಸುದ್ದಿಯೇ ಇಲ್ಲ. ಕಮಾನೇ ಇಲ್ಲದ ಕಡೆ ‘ಹೊಸ ಕಮಾನು’ ಅಂತ ಬರೆಯಲಾಗುತ್ತದಾ? ‘ಸ್ವತಂತ್ರ ಮುಂಭಾಗೀಯ’ ಅಂತ ಶುರು ಮಾಡಿದರೆ ಹುಡುಗರು ಪುಸ್ತಕ ಮುಚ್ಚಿ ಚಹಾ ಕುಡಿಯಲು ಹೋಗುತ್ತಾರೆ.

ನನಗೆ ಹೊಳೆದದ್ದು ‘ಬಿಡಿಗಾಲಿ’. ಹಳೆಯದು ಒಂದಚ್ಚಿನದು, ಹೊಸದು ಬಿಡಿಗಾಲಿಯದು. ಸ್ಪೇರ್ ಗಾಲಿ ಅಂದುಕೊಂಡಾರು ಅನ್ನುವ ಅನುಮಾನ ಇತ್ತು, ಆದರೆ ಅದಕ್ಕೆ ನಮ್ಮಲ್ಲಿ ಸ್ಟೆಪ್ನಿ ಅನ್ನುವ ಮಾತು ಇದ್ದೇ ಇದೆಯಲ್ವಾ. ಲೋವರ್ ಆರ್ಮ್, ಬಾಲ್ ಜಾಯಿಂಟ್, ಬುಷ್ ಇವನ್ನು ಮುಟ್ಟುವುದಿಲ್ಲ. ಎಲ್ಲರ ಬಾಯಲ್ಲಿವೆ, ಸುಮ್ನೆ ಯಾಕೆ ಕೆದಕುವುದು.

ಇನ್ನೊಂದು ಕಾಟ ‘ಇಳಿಸು’. ಚೈನ್ ಹಾಕಿ ಮೇಲಕ್ಕೆ ಎತ್ತಿ ತೆಗೆದರೂ ಇಲ್ಲಿ ‘ಇಂಜಿನ್ ಇಳಿಸಿದ್ವಿ’ ಅನ್ನುತ್ತಾರೆ. ನನಗೆ ಬಹಳ ಇಷ್ಟದ ಮಾತು. ಆದರೆ ನನ್ನ ಪಾಠದಲ್ಲಿ ಮೂರೂವರೆ ಲೀಟರಿನ ಹಳೆ ಆರು ಸಿಲಿಂಡರ್ ಇಂಜಿನ್ ‘ಇಳಿಸಬೇಕು’, ಆಮೇಲೆ ಜನರಲ್ ಮೋಟರ್ಸ್ ಕಂಪನಿಯ ಎಂಟು ಸಿಲಿಂಡರಿನ ಎಲ್‌ಎಸ್ ಇಂಜಿನ್ ಅನ್ನು (1997ರಲ್ಲಿ ಬಂದ ಪೀಳಿಗೆ) ಚಾಸಿಯೊಳಕ್ಕೆ ‘ಇಳಿಸಬೇಕು’. ಎಚ್ಚರ ಹೇಳಬೇಕಾದದ್ದೂ ಇಲ್ಲೇ. ಕೆಳಗೆ ಬರುತ್ತಾ ಬರುತ್ತಾ ಇಂಜಿನ್ನಿನ ಅಡಿಯ ಆಯಿಲ್ ಚೇಂಬರ್ ಹೋಗಿ ಆ ಹೊಸ ಅಡ್ಡತೊಲೆಗೇ ತಾಗುತ್ತದೆ, ಎಷ್ಟೋ ಸಲ ಬೇರೆ ಆಕಾರದ ಚೇಂಬರ್ ಹಾಕಬೇಕಾಗುತ್ತದೆ. ಯಾವ ‘ಇಳಿಸು’ ಅಂತ ಗೊತ್ತಾಗದಿದ್ದರೆ ಓದುವವನ ಗತಿ? ಸದ್ಯಕ್ಕೆ ಹಳೆಯದನ್ನು ‘ಎತ್ತಿ ತೆಗೆ’, ಹೊಸದನ್ನು ‘ಇಳಿಸಿ ಕೂರಿಸು’ ಅಂತ ಮಾಡಿದ್ದೇನೆ. ‘ಅದಲುಬದಲು’ ಬೇಡ, ಹಳೆ ಇಂಜಿನ್ ಹೋಗುವುದು ಬಹಳ ಸಲ ಗುಜರಿಗೆ, ಇನ್ನೊಂದು ಗಾಡಿಗಲ್ಲ.

ಸಿಂಧನೂರು, ಗಂಗಾವತಿ ಕಡೆಯ ಗ್ಯಾರೇಜುಗಳಲ್ಲಿ ಅಚ್ಚಿಗೆ ‘ಇರಸು’ ಅಂತ ಈಗಲೂ ಅನ್ನುತ್ತಾರಾ? ಕಾರಿನ ಮುಂದಿನ ಗಾಲಿಯ ಆ ಪೂರ್ತಿ ಜೋಡಣೆಗೆ ಒಂದೇ ಮಾತು ಕೇಳಿದ್ದೀರಾ? ಕೇಳಿದ್ದರೆ ಯಾವ ಊರಲ್ಲಿ ಅಂತಲೂ ಬರೆಯಿರಿ.